ಬಿಸಿಯೂಟ ಉಂಡು ಬಂದ ಮಕ್ಕಳಿಗೆ ಸಂಜೆ ಏನು ಕೊಡೋದು? ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಪೂರ್ತಿ ನಾನು ತಪ್ಪು ಲೆಕ್ಕ ಹಾಕಿಕೊಂಡಿದ್ದೆ. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಆಗಿದೆ, ಮೊಟ್ಟೆಯೂ ಸಿಕ್ಕಿದೆ, ಇನ್ನು ಸಂಜೆಗೆ ಎರಡು ಬಿಸ್ಕತ್ತು, ಒಂದು ಲೋಟ ಟೀ ಸಾಕು ಅಂತ. ನಮ್ಮ ಮನೆಯಲ್ಲಿ ರಾತ್ರಿ ಊಟ ಒಂಬತ್ತಕ್ಕೆ. ಅಷ್ಟರಲ್ಲಿ ಅವಳು ಹೋಂವರ್ಕ್ ಪುಸ್ತಕದ ಮೇಲೆ ತಲೆ ಇಟ್ಟು ಮಲಗಿಬಿಟ್ಟಿರುತ್ತಿದ್ದಳು. ಎಬ್ಬಿಸಿ ಕೂರಿಸಿದರೆ ನಾಲ್ಕು ತುತ್ತು, ಅಷ್ಟೇ. ಶಾಲೆಯಲ್ಲಿ ತೂಕ ನೋಡಿದ ದಿನ ನನಗೆ ಗೊತ್ತಾಯಿತು, ಎಂಟು ತಿಂಗಳಲ್ಲಿ ಅವಳು ಅರ್ಧ ಕೇಜಿಯೂ ಏರಿರಲಿಲ್ಲ.

ತಪ್ಪು ಬಿಸಿಯೂಟದ್ದಲ್ಲ. ಶಾಲೆ ಕೊಡುವುದು ದಿನದ ಊಟದಲ್ಲಿ ಒಂದು ಪಾಲು. ಉಳಿದ ಪಾಲು ಯಾವುದು ಅಂತ ನಾನು ಯೋಚನೆ ಮಾಡಿರಲಿಲ್ಲ. ಈಗ ಮಗಳು ಐದನೇ ಕ್ಲಾಸು, ಮಗ ಎಂಟನೇ ಕ್ಲಾಸು. ಈ ಮೂರು ವರ್ಷದಲ್ಲಿ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಳೆ, ನಮ್ಮ ಚಳಿ, ತೋಟದ ಕೆಲಸದ ಹೊತ್ತು, ಇವೆಲ್ಲ ಬೇರೆ ಊರಿನ ಹಾಗಲ್ಲ. ಹಾಗಾಗಿ ಇದು ಕೊಡಗಿನ ಅಡುಗೆಮನೆಗೇ ಹೊಂದುವ ಹಾಗೆ ಬರೆದದ್ದು.

1. ಮೊದಲು ಮಧ್ಯಾಹ್ನದ ತಟ್ಟೆಯ ಲೆಕ್ಕ ತಿಳಿದುಕೊಳ್ಳಿ

ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟದ ಯೋಜನೆ, ಶುರುವಾದದ್ದು 2002ರಲ್ಲಿ, ಮೊದಲು ಉತ್ತರದ ಜಿಲ್ಲೆಗಳಲ್ಲಿ. ಮರುವರ್ಷ ನಮ್ಮ ಕಡೆಗೂ ಬಂತು. ಈಗ ಕೇಂದ್ರದ ಯೋಜನೆಗೆ ಪಿಎಂ ಪೋಷಣ್ ಅಂತ ಹೆಸರು. ಅದರ ಪ್ರಕಾರ 1ರಿಂದ 5ನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ಕ್ಲಾಸಿಗೆ ಅಕ್ಕಿ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ಅಲ್ಲಿ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್.

ಇದರ ಮೇಲೆ ಕ್ಷೀರಭಾಗ್ಯದ ಹಾಲು ಇದೆ. 2013ರಲ್ಲಿ ಶುರುವಾದದ್ದು, 150 ಮಿಲಿ ಹಾಲು. 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಬಂತು. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು, ಅದೇ ವರ್ಷ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಈಗ ಮನೆಯ ಲೆಕ್ಕ ನೋಡೋಣ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಹೆಚ್ಚುಕಡಿಮೆ 1700 ಕ್ಯಾಲೊರಿ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಬಿಸಿಯೂಟದ್ದು 450. ಹಾಲು, ಮೊಟ್ಟೆ ಸೇರಿಸಿದರೆ ಇನ್ನೊಂದು 150. ಬೆಳಿಗ್ಗೆ ಮನೆಯ ತಿಂಡಿಯಲ್ಲಿ 400 ಅಂತ ಇಟ್ಟುಕೊಳ್ಳಿ. ಸಾವಿರ ಆಯಿತು. ಇನ್ನು 700 ಬಾಕಿ. ಅದು ಸಂಜೆ ನಾಲ್ಕೂವರೆಯಿಂದ ಮಲಗುವ ಹೊತ್ತಿನ ಒಳಗೆ ಹೊಟ್ಟೆಗೆ ಹೋಗಬೇಕು. ಎರಡು ಬಿಸ್ಕತ್ತು, ಟೀ, ನಾಲ್ಕು ತುತ್ತು ಅನ್ನದಲ್ಲಿ ಅದು ಎಲ್ಲಿ ಬರುತ್ತದೆ ಹೇಳಿ?

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಕ್ಕಿ ಧಾರಾಳ ಇದೆ. ಎಣ್ಣೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ತರಕಾರಿ 50 ಗ್ರಾಂ, ಅದೂ ಸಾಂಬಾರಿನಲ್ಲಿ ಕರಗಿ ಹೋದದ್ದು. ಮೊಟ್ಟೆ ತಿನ್ನುವ ಮಗುವಿಗೆ ಹಣ್ಣು ಇಲ್ಲವೇ ಇಲ್ಲ. ಹಾಗಾಗಿ ಮನೆಯವರು ಸಂಜೆ ತುಂಬಿಸಬೇಕಾದ್ದು ಮೂರು: ಹಣ್ಣು, ಸೊಪ್ಪು, ಮತ್ತು ಒಳ್ಳೆಯ ಕೊಬ್ಬು. ತೆಂಗಿನಕಾಯಿ, ಎಳ್ಳು, ಕಡಲೆಬೀಜ, ತುಪ್ಪ, ಬಟರ್ ಫ್ರೂಟ್, ಇವೆಲ್ಲ ಆ ಕೊಬ್ಬಿನ ಲೆಕ್ಕ. ಇನ್ನೊಂದು ತಟ್ಟೆ ಅನ್ನ ಸಾರು ಬಡಿಸಿದರೆ ಹೊಟ್ಟೆ ತುಂಬುತ್ತದೆ, ಈ ಮೂರು ಹಾಗೇ ಬಾಕಿ ಉಳಿಯುತ್ತವೆ.

ಇಷ್ಟೆಲ್ಲ ಕಾಗದದ ಲೆಕ್ಕ. ಮಗು ನಿಜವಾಗಿ ಎಷ್ಟು ತಿಂದಿತು ಅನ್ನೋದು ಬೇರೆ. "ಊಟ ಮಾಡಿದ್ಯಾ?" ಅಂತ ಕೇಳಬೇಡಿ. "ಹೂಂ" ಅಂತಾರೆ, ಮುಗಿಯಿತು. ನಾನು ಕೇಳುವುದು ಹೀಗೆ: "ಇವತ್ತು ಸಾಂಬಾರಿಗೆ ಏನು ಹಾಕಿದ್ರು? ಪಕ್ಕದಲ್ಲಿ ಯಾರು ಕೂತಿದ್ರು? ಎರಡನೇ ಸಲ ಹಾಕಿಸ್ಕೊಂಡ್ಯಾ? ಮೊಟ್ಟೆ ಯಾರಿಗೆ ಕೊಟ್ಟೆ?" ಕೊನೆಯ ಪ್ರಶ್ನೆಗೆ ಒಂದು ದಿನ ಮಗಳು ಥಟ್ಟನೆ ಗೆಳತಿಯ ಹೆಸರು ಹೇಳಿದಳು. ಮೊಟ್ಟೆಯ ಹಳದಿ ಅವಳಿಗೆ ಸೇರುತ್ತಿರಲಿಲ್ಲ. ಬಿಳಿ ತಿಂದು ಹಳದಿಯನ್ನು ದಿನಾ ಗೆಳತಿಯ ತಟ್ಟೆಗೆ ಹಾಕುತ್ತಿದ್ದಳು. ಆಟಕ್ಕೆ ಹೊತ್ತು ಸಿಗಲಿ ಅಂತ ಅನ್ನವನ್ನೂ ಅರ್ಧಕ್ಕೇ ಬಿಡುತ್ತಿದ್ದಳು. ನಾನು ಗದರಿಸಲಿಲ್ಲ. ಗದರಿಸಿದ್ದರೆ ಮರುದಿನದಿಂದ ನಿಜ ಹೇಳುವುದನ್ನೇ ನಿಲ್ಲಿಸುತ್ತಿದ್ದಳು.

ವಾರದ ಯಾವ ದಿನ ಏನು ಅಡುಗೆ ಅಂತ ಶಾಲೆಯ ಗೋಡೆಯ ಮೇಲೆ ಬರೆದಿರುತ್ತಾರೆ. ಒಂದು ಫೋಟೋ ತೆಗೆದು ಅಡುಗೆಮನೆಯಲ್ಲಿ ಅಂಟಿಸಿ. ಮಧ್ಯಾಹ್ನ ಪಲಾವ್ ಆದ ದಿನ ಸಂಜೆ ಚಿತ್ರಾನ್ನ ಮಾಡುವುದು ತಪ್ಪುತ್ತದೆ. ಅಡುಗೆಯವರ ಪರಿಚಯವೂ ಇರಲಿ. ಹೆಚ್ಚಿನವರು ನಮ್ಮ ಊರಿನ ಹೆಂಗಸರೇ. ಯಾವ ಮಗು ತಟ್ಟೆ ಖಾಲಿ ಮಾಡುತ್ತದೆ, ಯಾವುದು ಚೆಲ್ಲುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

2. ಮನೆಗೆ ಬಂದ ಕೂಡಲೇ ನೀರು

ತಿಂಡಿಗೆ ಮೊದಲು ನೀರು. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಮ್ಮ ಚಳಿಯಲ್ಲಿ ಮಕ್ಕಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲು ಮನಸ್ಸಿಲ್ಲದೆ ಕೆಲವು ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ. ಬ್ಯಾಗಿನ ಬಾಟಲಿ ತೆಗೆದು ನೋಡಿ. ಬೆಳಿಗ್ಗೆ ತುಂಬಿಸಿದ್ದು ಹಾಗೇ ಇದ್ದರೆ ಸಂಜೆಯ ತಲೆನೋವು, ಸಿಡುಕು, ಮಲಬದ್ಧತೆ ಎಲ್ಲದಕ್ಕೂ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮಳೆಗಾಲದಲ್ಲಿ ಒದ್ದೆ ಸಾಕ್ಸ್ ತೆಗೆಸಿ, ತಲೆ ಒರೆಸಿ, ಒಣ ಬಟ್ಟೆ ಹಾಕಿಸಿ, ಒಲೆಯ ಹತ್ತಿರ ಕೂರಿಸಿ. ಜೀರಿಗೆ ಹಾಕಿ ಕುದಿಸಿದ ನೀರು ಬೆಚ್ಚಗೆ ಒಂದು ಲೋಟ. ಕೈ ಸೋಪು ಹಾಕಿ ತೊಳೆಯಲಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷದಲ್ಲಿ ನಿಮ್ಮ ತಿಂಡಿ ಬಿಸಿಯಾಗುತ್ತದೆ.

3. ಸಂಜೆಯ ತಿಂಡಿ

ಬಿಸಿಯೂಟ ಮುಗಿಯುವಾಗ ಒಂದೂವರೆ. ಬಸ್ ಹಿಡಿದು, ಗದ್ದೆ ಬದಿಯಲ್ಲಿ ನಡೆದು ಮನೆ ಸೇರುವಾಗ ಐದು ಗಂಟೆ. ನಡುವೆ ಆಟ ಬೇರೆ ಆಗಿದೆ. ಹಸಿವು ನಿಜವಾದದ್ದು. ಹಾಗಾಗಿ ಇದನ್ನು ಬಾಯಾಡಿಸುವ ತಿಂಡಿ ಅಂದುಕೊಳ್ಳದೆ ಒಂದು ಚಿಕ್ಕ ಊಟ ಅಂತಲೇ ಲೆಕ್ಕ ಹಾಕಿ. ಚಿಕ್ಕ ಮಕ್ಕಳಿಗೆ 250ರಿಂದ 300 ಕ್ಯಾಲೊರಿ. ಕಣ್ಣಳತೆಯಲ್ಲಿ ಹೇಳುವುದಾದರೆ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಬೀಜ. ಅಥವಾ ಒಂದು ಅಕ್ಕಿ ಒಟ್ಟಿ (ರೊಟ್ಟಿ), ಮೇಲೆ ಎರಡು ಚಮಚ ಎಳ್ಳು ಪಜ್ಜಿ (ಚಟ್ನಿ). ದೊಡ್ಡ ತರಗತಿಯ ಮಕ್ಕಳಿಗೆ ಇದರ ಒಂದೂವರೆ ಪಾಲು.

ಹೊತ್ತು ಮುಖ್ಯ. ಐದೂವರೆಯೊಳಗೆ ಮುಗಿಯಬೇಕು. ಆರೂವರೆಗೆ ತಿಂಡಿ ಕೊಟ್ಟರೆ ರಾತ್ರಿ ಊಟ ಕೆಡುತ್ತದೆ.

ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಹೆಸರುಕಾಳಿನ ಉಸ್ಲಿ. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಂದು ಸಲ ಕೈಗೆ ಬಂದರೆ ಕಡಲೆಕಾಳು, ಅಲಸಂದೆ, ಹುರುಳಿ ಎಲ್ಲವನ್ನೂ ಹೀಗೇ ಮಾಡಬಹುದು. ಬೆಳಿಗ್ಗೆ ಮಕ್ಕಳು ಹೊರಟ ಮೇಲೆ ಇಬ್ಬರಿಗೆ ಎರಡು ಹಿಡಿ ಕಾಳು ತೊಳೆದು ನೆನೆಸಿ. ಜುಲೈ ಆಗಸ್ಟ್‌ನಲ್ಲಿ ತಣ್ಣೀರಿನಲ್ಲಿ ಹಾಕಿದರೆ ಸಂಜೆಗೂ ಕಲ್ಲಿನ ಹಾಗೇ ಇರುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ, ಮುಚ್ಚಿ ಒಲೆ ಕಟ್ಟೆಯ ಮೇಲೆ ಇಡಿ. ಸಂಜೆ ಆ ನೀರು ಚೆಲ್ಲಿ, ಕಾಳು ಮುಳುಗುವಷ್ಟು ಹೊಸ ನೀರು, ಉಪ್ಪು ಹಾಕಿ ಬೇಯಿಸಿ. ಕುಕ್ಕರಿಗೆ ಒಂದು ವಿಷಲ್ ಸಾಕು. ಕಾಳು ಬೆಂದಿರಬೇಕು, ಆದರೆ ಒಂದಕ್ಕೊಂದು ಅಂಟಬಾರದು. ಬಾಣಲೆಗೆ ಎರಡು ಚಮಚ ಎಣ್ಣೆ, ಸಾಸಿವೆ ಚಟಪಟ ಅಂದ ಮೇಲೆ ಕರಿಬೇವು, ಒಂದು ಒಣಮೆಣಸು ಮುರಿಯದೆ ಇಡಿಯಾಗಿ. ಮುರಿದರೆ ಬೀಜದ ಖಾರ ಬಿಟ್ಟು ಚಿಕ್ಕವರು ಮುಟ್ಟುವುದಿಲ್ಲ. ಬಸಿದ ಕಾಳು ಹಾಕಿ ಎರಡು ಸಲ ತಿರುಗಿಸಿ. ಒಂದು ಹಿಡಿ ತೆಂಗಿನ ತುರಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆಯ ಮೇಲಿರುವಾಗ ಹಿಂಡಬೇಡಿ. ನಿಂಬೆಯ ಸಿ ವಿಟಮಿನ್ ಬಿಸಿಗೆ ಹಾಳಾಗುತ್ತದೆ. ಕಾಳಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಆ ಸಿ ವಿಟಮಿನ್ನೇ ಬೇಕು.

ಇನ್ನೊಂದು, ಐದು ನಿಮಿಷದ್ದು. ಪುತ್ತರಿಗೆ ಕೊಡವರ ಮನೆಗಳಲ್ಲಿ ತಂಬುಟ್ಟು ಮಾಡುತ್ತಾರೆ ಅಲ್ವಾ? ಅದನ್ನು ಹಬ್ಬಕ್ಕೆ ಮಾತ್ರ ಯಾಕೆ ಇಡಬೇಕು ಅಂತ ಪಕ್ಕದ ಮನೆಯ ಅಜ್ಜಿ ಹೇಳಿದ ಮೇಲೆ ನಾನೂ ಶುರು ಮಾಡಿದೆ. ಕುಸುಬಲಕ್ಕಿಯನ್ನು ಒಂದು ಚಮಚ ಮೆಂತ್ಯದ ಜೊತೆ ಸಣ್ಣ ಉರಿಯಲ್ಲಿ ಹುರಿಯಬೇಕು. ಅಕ್ಕಿ ಉಬ್ಬಿ, ಬಣ್ಣ ತಿರುಗಿ, ಮನೆಯೆಲ್ಲ ಘಮ್ ಅನ್ನುವಾಗ ಇಳಿಸಿ. ಆರಿದ ಮೇಲೆ ಏಲಕ್ಕಿ ಹಾಕಿ ನುಣ್ಣಗೆ ಹುಡಿ ಮಾಡಿ ಗಾಳಿಯಾಡದ ಡಬ್ಬಿಗೆ ತುಂಬಿಸಿ. ಈ ಹುಡಿ ವಾರಗಟ್ಟಲೆ ಉಳಿಯುತ್ತದೆ. ಸಂಜೆ ಎರಡು ಕಳಿತ ಬಾಳೆಹಣ್ಣು ಕಿವುಚಿ, ಹಿಡಿಸುವಷ್ಟು ಹುಡಿ, ತೆಂಗಿನ ತುರಿ, ಹುರಿದ ಎಳ್ಳು, ಒಂದು ಚಮಚ ತುಪ್ಪ ಸೇರಿಸಿ ಕಲಸಿ. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವೂ ಬೇಡ. ಹಣ್ಣು ಇದೆ, ಕೊಬ್ಬು ಇದೆ, ಎಳ್ಳಿನ ಕ್ಯಾಲ್ಸಿಯಂ ಇದೆ. ನನ್ನ ಮಗ ಇದನ್ನು ಬಟ್ಟಲು ನೆಕ್ಕಿ ತಿನ್ನುತ್ತಾನೆ.

ಬೆಳಿಗ್ಗೆ ಉಳಿದ ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ನಾಲ್ಕು ತುಂಡು ಮಾಡಿ ಈರುಳ್ಳಿ, ಸಾಸಿವೆ, ತೆಂಗಿನ ತುರಿ ಜೊತೆ ಬಾಡಿಸಿ. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಉಳಿದರೂ ಹಾಗೆಯೇ, ಅದಕ್ಕೊಂದು ಮೊಟ್ಟೆ ಒಡೆದು ಹಾಕಿದರೆ ಇನ್ನೂ ಒಳ್ಳೆಯದು. ಹಾಲು, ಕಾಯಿ ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು ಇದ್ದರೆ ಸುಮ್ನೆ ಹಾಲು, ಬಾಳೆಹಣ್ಣು ಜೊತೆಗೆ. ಪುಟ್ಟು ಅಕ್ಕಿಯದ್ದೇ, ಗೊತ್ತು. ಅಕ್ಕಿ ಬಿಟ್ಟು ಕೊಡಗಿನಲ್ಲಿ ಬದುಕುವುದು ಹೇಗೆ? ಪಕ್ಕಕ್ಕೆ ಕಾಯಿ, ಮೊಟ್ಟೆ, ಕಾಳು, ಹಣ್ಣು ಏನಾದರೂ ಒಂದು ಇರಲಿ, ಅಷ್ಟೇ ನನ್ನ ಮಾತು.

ಕಾಲಕ್ಕೆ ತಕ್ಕ ಹಾಗೆ ತೋಟದಲ್ಲೇ ಎಷ್ಟೋ ಸಿಗುತ್ತದೆ. ಪೇಟೆಯಲ್ಲಿ ದುಡ್ಡು ಕೊಟ್ಟು ತರುವ ಮೊದಲು ಹಿತ್ತಲು ನೋಡಿ. ಮಳೆ ಹಿಡಿಯುವ ಹೊತ್ತಿಗೆ ಬಟರ್ ಫ್ರೂಟ್ ಉದುರುತ್ತದೆ. ಬೆಲೆ ಇಲ್ಲ ಅಂತ ಹಂದಿಗೆ ಹಾಕುವವರನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಬೆಳೆಯುವ ಮಕ್ಕಳಿಗೆ ಅಷ್ಟು ಒಳ್ಳೆಯ ಕೊಬ್ಬು ಬೇರೆ ಯಾವ ಹಣ್ಣಿನಲ್ಲಿದೆ? ಅರ್ಧ ಹಣ್ಣು ಚಮಚದಲ್ಲಿ ತೋಡಿ, ಬೆಲ್ಲ, ಹಾಲು ಹಾಕಿ ಕಡೆದು ಕೊಡಿ. ಕಹಿ ಇದ್ದರೆ ಇನ್ನೂ ಹಣ್ಣಾಗಿಲ್ಲ ಅಂತ, ಅಕ್ಕಿ ಡಬ್ಬಿಯೊಳಗೆ ಎರಡು ದಿನ ಹುಗಿದಿಡಿ.

ಹಲಸಿನ ಕಾಲ ಮುಗಿದರೂ ಬೀಜ ಇರುತ್ತದೆ. ಸೌದೆ ಒಲೆ ಇದ್ದವರು ಕೆಂಡದಲ್ಲಿ ಸುಟ್ಟು ಕೊಡಿ. ಪ್ರತಿ ಬೀಜದ ತುದಿಯನ್ನು ಚಾಕುವಿನಲ್ಲಿ ಚೂರು ಸೀಳಿ ಹಾಕಬೇಕು. ಇಲ್ಲದಿದ್ದರೆ ಪಟ್ ಅಂತ ಸಿಡಿದು ಬೂದಿ ಹಾರಿ ಕಣ್ಣಿಗೆ ಬೀಳುತ್ತದೆ. ಒಬ್ಬರಿಗೆ ಆರೇಳು ಸಾಕು, ಜಾಸ್ತಿ ತಿಂದರೆ ರಾತ್ರಿ ಹೊಟ್ಟೆ ಉಬ್ಬರ. ಕೆಸದ ಎಲೆಯ ಪತ್ರೊಡೆ ಮಾಡಿದರೆ ಹುಣಸೆ ಕಡಿಮೆ ಮಾಡಬೇಡಿ. ಗಂಟಲು ಕೆರೆದರೆ ಆ ಮಗು ಮತ್ತೆ ಎರಡು ವರ್ಷ ಪತ್ರೊಡೆ ಹತ್ತಿರ ಬರುವುದಿಲ್ಲ. ಕಕ್ಕಡದಲ್ಲಿ (ಆಟಿ ತಿಂಗಳು, ಜುಲೈ-ಆಗಸ್ಟ್) ಮದ್ದುಸೊಪ್ಪಿನ ಪಾಯಸ ಮಾಡಿದ ದಿನ ಮಾತ್ರ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಅಂತ. ಮರುದಿನ ಶಾಲೆಯಲ್ಲಿ ಅಳುವುದು ಬೇಡ.

ಚಳಿಗಾಲಕ್ಕೆ ಕಿತ್ತಳೆ, ಚಕ್ಕೋತ, ನೆಲ್ಲಿಕಾಯಿ. ಸೀಬೆ ಅಂತೂ ಸುಮಾರಾಗಿ ಆಗಾಗ ಇದ್ದೇ ಇರುತ್ತದೆ. ಕಿತ್ತಳೆಯನ್ನು ಜ್ಯೂಸ್ ಮಾಡಬೇಡಿ, ತೊಳೆ ಬಿಡಿಸಿ ತಿನ್ನಲಿ.

ಐದು ವರ್ಷದ ಒಳಗಿನ ತಮ್ಮ ತಂಗಿ ಮನೆಯಲ್ಲಿದ್ದರೆ ಇಡೀ ಕಡಲೆಬೀಜ, ಇಡೀ ಹಲಸಿನ ಬೀಜ ಅವರ ಕೈಗೆ ಸಿಗದಂತೆ ನೋಡಿ. ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅವರಿಗೆ ಹುಡಿ ಮಾಡಿ ಕೊಡಿ.

4. ಕಾಫಿ, ಟೀ, ಬೇಕರಿ

ಕಾಫಿ ಬೆಳೆಯುವ ನಾಡು ನಮ್ಮದು. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಮೂರು ವರ್ಷದ ಮಗುವಿಗೂ ಬೆಲ್ಲದ ಕಾಫಿ ಲೋಟ ಸಿಗುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೂ ಶಾಲೆ ಮಕ್ಕಳಿಗೆ ಸಂಜೆಯ ಕಾಫಿ, ಟೀ ಬೇಡ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂತೆ ಅವು ತಡೆಯುತ್ತವೆ. ಹಸಿವನ್ನು ಸಾಯಿಸುತ್ತವೆ. ನಿದ್ದೆ ಕೆಡಿಸುತ್ತವೆ. ನಮ್ಮ ಮನೆಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಲು ಆಗಲಿಲ್ಲ. ಮೊದಲು ಲೋಟ ಚಿಕ್ಕದಾಯಿತು, ಆಮೇಲೆ ಹಾಲು ಜಾಸ್ತಿ ಡಿಕಾಕ್ಷನ್ ಕಡಿಮೆ ಆಯಿತು, ಒಂದು ತಿಂಗಳಲ್ಲಿ ಶುಂಠಿ ಬೆಲ್ಲದ ಬಿಸಿ ಹಾಲಿಗೆ ಬಂದು ನಿಂತಿತು. ಶಾಲೆಯಲ್ಲಿ ಮಾಲ್ಟ್ ಇಲ್ಲದ ದಿನ ಮನೆಯಲ್ಲಿ ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ಬಸ್ ಸ್ಟ್ಯಾಂಡಿನ ಬೇಕರಿಯ ಪಫ್ಸ್, ಐದು ರೂಪಾಯಿ ಚಿಪ್ಸ್ ಪ್ಯಾಕೆಟ್ಟು. ಪೂರ್ತಿ ನಿಲ್ಲಿಸಲು ಹೋಗಬೇಡಿ, ಕದ್ದು ತಿನ್ನುತ್ತಾರೆ. ಸಂತೆ ದಿನ ಒಂದು, ಅಂತ ಮಾತು ಮಾಡಿಕೊಳ್ಳಿ. ಮನೆಗೆ ಬಂದಾಗ ಬಿಸಿ ತಿಂಡಿ ಇದ್ದೇ ಇರುತ್ತದೆ ಅನ್ನುವ ನಂಬಿಕೆ ಹುಟ್ಟಿದರೆ ಅರ್ಧ ಚಪಲ ತಾನಾಗಿ ಇಳಿಯುತ್ತದೆ.

5. ಕಾಫಿ ಕೊಯ್ಲಿನ ದಿನಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ

ಡಿಸೆಂಬರಿನಿಂದ ಫೆಬ್ರವರಿ, ಕೆಲವು ಕಡೆ ಮಾರ್ಚ್‌ವರೆಗೆ, ಹಣ್ಣು ಕೊಯ್ಯುವ ಹೊತ್ತು. ಅಮ್ಮ ತೋಟದಿಂದ ಬಂದು ಚೀಲ ಅಳೆಸಿ ಮನೆಗೆ ಬರುವಾಗ ಐದೂವರೆ, ಆರು. ಮಗು ಬಂದು ಒಂದು ಗಂಟೆ ಆಗಿರುತ್ತದೆ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಬೀಗದ ಕೀ ಮಕ್ಕಳ ಕೊರಳಲ್ಲೇ ಇರುತ್ತದೆ. ಆ ಒಂದು ಗಂಟೆಯಲ್ಲಿ ಮಗು ಏನು ತಿನ್ನುತ್ತದೆ ಅನ್ನೋದನ್ನು ಬೆಳಿಗ್ಗೆಯೇ ತೀರ್ಮಾನ ಮಾಡಬೇಕು.

ಒಂದು ಸ್ಟೀಲ್ ಡಬ್ಬಿ ಅದಕ್ಕೇ ಮೀಸಲಿಡಿ. ಮುಚ್ಚಳ ಬಿಗಿ ಇರಲಿ, ಇಲಿ ಇರುವೆ ಸೇರಬಾರದು. ಒಲೆ ಹಚ್ಚದೆ ತಿನ್ನುವಂಥದ್ದು ಮಾತ್ರ ಅದರೊಳಗೆ: ಹುರಿಗಡಲೆ ಮತ್ತು ಬೆಲ್ಲ, ಹುರಿದ ಕಡಲೆಬೀಜ, ಬೆಳಿಗ್ಗೆ ಕಟ್ಟಿದ ರಾಗಿ ಉಂಡೆ. ಡಬ್ಬಿಯ ಪಕ್ಕದಲ್ಲಿ ಬಾಳೆಹಣ್ಣು. ಅವಲಕ್ಕಿ ಇದ್ದರೆ ದೊಡ್ಡ ಮಗು ನೀರು ಚಿಮುಕಿಸಿ, ಕಾಯಿ ಬೆಲ್ಲ ಕಲಸಿ, ತಾನೂ ತಿಂದು ಚಿಕ್ಕವನಿಗೂ ಕೊಡುತ್ತದೆ. ಹತ್ತು ವರ್ಷದ ಮಗುವಿಗೆ ಇಷ್ಟು ಕಲಿಸಬಹುದು. ಗ್ಯಾಸ್ ಹಚ್ಚುವುದು, ಸೌದೆ ಒಲೆ ಊದುವುದು ಮಾತ್ರ ಬೇಡವೇ ಬೇಡ.

ಆನೆ ಓಡಾಡುವ ಕಡೆ, ಸಿದ್ದಾಪುರ, ಪಾಲಿಬೆಟ್ಟದಂಥ ಜಾಗಗಳಲ್ಲಿ, ಮಕ್ಕಳು ದಾರಿಯಲ್ಲಿ ನಿಂತು ತಿನ್ನುವ ಅಭ್ಯಾಸ ಬಿಡಿಸಿ. ಬೆಳಕು ಇರುವಾಗಲೇ ನೇರ ಮನೆ ಸೇರಲಿ. ತಿಂಡಿಗಾಗಿ ಅಂಗಡಿಗೆ ಮತ್ತೆ ಹೊರಡುವುದೂ ಬೇಡ. ಡಬ್ಬಿ ತುಂಬಿರಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಮಳೆಗಾಲದಲ್ಲಿ ಈ ಡಬ್ಬಿಗೆ ಬೇರೆಯದೇ ಕಾಟ. ಎಲ್ಲವೂ ಮೆತ್ತಗಾಗುತ್ತದೆ. ಕಡಲೆಬೀಜಕ್ಕೆ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ, ಕಹಿಯಾದ, ಬಣ್ಣ ಕೆಟ್ಟ ಬೀಜವನ್ನು ತೊಳೆದು ಹುರಿದು ಬಳಸಬೇಡಿ. ಅದರ ವಿಷ ಹುರಿದರೂ ಹೋಗುವುದಿಲ್ಲ, ಲಿವರಿಗೆ ಕೆಟ್ಟದ್ದು. ಅರ್ಧ ಕೇಜಿಗಿಂತ ಜಾಸ್ತಿ ತರಬೇಡಿ, ತಂದ ದಿನವೇ ಹುರಿದು ಆರಿಸಿ ತುಂಬಿಸಿ.

6. ರಾತ್ರಿ ಊಟ ಬೇಗ

ನಮ್ಮ ಮನೆಯಲ್ಲಿ ಆದ ದೊಡ್ಡ ಬದಲಾವಣೆ ಇದೇ. ಒಂಬತ್ತು ಗಂಟೆಯ ಊಟ ಏಳೂವರೆಗೆ ಬಂತು. ಮೊದಲ ವಾರ ದೊಡ್ಡವರಿಗೆ ಕಷ್ಟ ಆಯಿತು. ಕೊನೆಗೆ ಮಕ್ಕಳಿಗೆ ಮೊದಲು ಬಡಿಸಿ ನಾವು ಆಮೇಲೆ ಕೂರುವುದು ಅಂತ ಆಯಿತು. ಮಗಳು ಈಗ ಎಚ್ಚರವಾಗಿರುವಾಗಲೇ ಉಣ್ಣುತ್ತಾಳೆ.

ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಅನ್ನ ಅಥವಾ ರೊಟ್ಟಿ, ಕಾಲು ಭಾಗ ಬೇಳೆ, ಮೀನು, ಮೊಟ್ಟೆ, ಮಾಂಸ ಯಾವುದಾದರೂ. ಹರಿವೆ, ಬಸಳೆ, ನುಗ್ಗೆ ಸೊಪ್ಪು, ಮಳೆಗಾಲದಲ್ಲಿ ತೋಡಿನ ಬದಿಯ ತೆರ್ಮೆ ತೊಪ್ಪು (ಜರಿಗಿಡದ ಚಿಗುರು), ಇವು ದುಡ್ಡಿಲ್ಲದೆ ಸಿಗುವಂಥವು. ವಾರಕ್ಕೆ ಎರಡು ರಾತ್ರಿ ರಾಗಿ ರೊಟ್ಟಿ ಅಥವಾ ರಾಗಿ ದೋಸೆ ಮಾಡಿ ನೋಡಿ. ಮಧ್ಯಾಹ್ನ ಅನ್ನ ಉಂಡ ಬಾಯಿಗೆ ಬೇರೆ ರುಚಿ ಬೇಕಾಗಿರುತ್ತದೆ.

ಮೀನು ತಿನ್ನುವವರಿಗೆ ಕರಾವಳಿಯಿಂದ ಗಾಡಿಯಲ್ಲಿ ಬರುವ ಮತ್ತಿ (ಭೂತಾಯಿ) ಮೀನೇ ಸಾಕು. ದೊಡ್ಡ ಮೀನಿಗಿಂತ ಅಗ್ಗ, ಒಳ್ಳೆಯ ಕೊಬ್ಬು ಜಾಸ್ತಿ. ಹುಳಿ ಹಾಕಿ ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೇಯಿಸಿದರೆ ಸಣ್ಣ ಮುಳ್ಳು ಮೆತ್ತಗಾಗುತ್ತದೆ, ಆದರೂ ಚಿಕ್ಕವರಿಗೆ ನೀವೇ ಬಿಡಿಸಿ ಕೊಡಿ. ಭಾನುವಾರದ ಪಂದಿ ಕರಿ (ಹಂದಿ ಸಾರು) ಮಕ್ಕಳಿಗೂ ಇರಲಿ, ಎರಡು ತುಂಡು, ಖಾರ ಕಡಿಮೆ. ಕಣಿಲೆಯನ್ನು (ಎಳೆ ಬಿದಿರು) ನೀರು ಬದಲಾಯಿಸಿ ನೆನೆಸಿ, ಚೆನ್ನಾಗಿ ಬೇಯಿಸಿಯೇ ಕೊಡಿ. ಕಾಡಿನ ಅಣಬೆ ಮನೆಯ ಹಿರಿಯರು ಗುರುತು ಹಿಡಿದದ್ದು ಮಾತ್ರ.

ಕೆಲವು ದಿನ ಮಗು "ಬೇಡ" ಅನ್ನುತ್ತದೆ. ಬಿಡಿ. ಮಲಗುವ ಮೊದಲು ಒಂದು ಲೋಟ ಹಾಲು ಕೊಡಿ. ಒತ್ತಾಯದಿಂದ ತುರುಕಿದ ಅನ್ನ ಮೈಗೆ ಹತ್ತುವುದಿಲ್ಲ, ಮನಸ್ಸಿಗೆ ಬೇಸರವೂ ಆಗುತ್ತದೆ.

7. ಮಳೆ ರಜೆಯ ದಿನ

ಇದು ಕೊಡಗಿನವರಿಗೆ ಮಾತ್ರ ಸರಿಯಾಗಿ ಅರ್ಥ ಆಗುವ ವಿಷಯ. ಜೂನ್ ಜುಲೈನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ನೋಡುವುದು, ಜಿಲ್ಲಾಧಿಕಾರಿ ರಜೆ ಕೊಟ್ಟರಾ ಅಂತ. ಮಕ್ಕಳಿಗೆ ಹಬ್ಬ. ಆದರೆ ರಜೆ ಅಂದರೆ ಆ ದಿನ ಬಿಸಿಯೂಟ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಒಂದೇ ವಾರದಲ್ಲಿ ನಾಲ್ಕು ದಿನ ರಜೆ ಬಿದ್ದರೆ ನಾಲ್ಕು ಮೊಟ್ಟೆ ಹೋಯಿತು. ಅಮ್ಮ ಅಪ್ಪ ಕೆಲಸಕ್ಕೆ ಹೋದ ಮನೆಯಲ್ಲಿ ಮಧ್ಯಾಹ್ನದ ಊಟವೇ ಹೋಯಿತು. ಟಿವಿ ಮುಂದೆ ಕೂತು ಚಿಪ್ಸ್ ತಿಂದು ದಿನ ಕಳೆಯುತ್ತಾರೆ.

ಮೇ ಕೊನೆಗೇ ತಯಾರಿ ಮಾಡಿಕೊಳ್ಳಿ. ಒಂದು ಟ್ರೇ ಮೊಟ್ಟೆ, ಎರಡು ಬಗೆ ಕಾಳು, ಅವಲಕ್ಕಿ, ಹಾಲಿನ ಪುಡಿ ಮನೆಯಲ್ಲಿ ಇರಲಿ. ಮರ ಬಿದ್ದು ದಾರಿ ಕಟ್ಟಾದರೆ, ಕರೆಂಟು ಮೂರು ದಿನ ಹೋದರೆ ಇವೇ ಆಧಾರ. ರಜೆ ಅಂತ ಗೊತ್ತಾದ ಬೆಳಿಗ್ಗೆ ತಿಂಡಿಯ ಜೊತೆಗೇ ಮಧ್ಯಾಹ್ನದ ಅನ್ನ, ಬೇಳೆ ಮಾಡಿ, ಮಗುವಿಗೆ ಒಂದು ಮೊಟ್ಟೆ ಬೇಯಿಸಿಟ್ಟು ಹೊರಡಿ. ಅನ್ನ ಬಹಳ ಹೊತ್ತು ಹೊರಗಿಟ್ಟರೆ ಕೆಡುತ್ತದೆ, ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲೇ ಉಣ್ಣಲು ಹೇಳಿ. ಆಸುಪಾಸಿನ ಎರಡು ಮೂರು ಮನೆಯವರು ಸೇರಿ ಸರದಿ ಮೇಲೆ ಒಬ್ಬರ ಮನೆಯಲ್ಲಿ ಮಕ್ಕಳಿಗೆಲ್ಲ ಬಡಿಸುವುದು ಇನ್ನೂ ಒಳ್ಳೆಯದು. ನಮ್ಮ ಓಣಿಯಲ್ಲಿ ಎರಡು ಮಳೆಗಾಲ ಹೀಗೆ ನಡೆಯಿತು. ಮಕ್ಕಳು ಒಟ್ಟಿಗೆ ಕೂತರೆ ಜಾಸ್ತಿ ಉಣ್ಣುತ್ತಾರೆ.

ದಸರಾ ರಜೆ, ಬೇಸಿಗೆ ರಜೆಗೂ ಇದೇ ಮಾತು. ಶಾಲೆ ಇರುವಾಗ ದಿನಕ್ಕೊಂದು ಮೊಟ್ಟೆ ತಿನ್ನುತ್ತಿದ್ದ ಮಗುವಿಗೆ ಏಪ್ರಿಲ್‌ನಲ್ಲಿ ಅದು ಒಮ್ಮೆಲೇ ನಿಲ್ಲಬಾರದು. ಹಿತ್ತಲಿನಲ್ಲಿ ನಾಲ್ಕು ನಾಟಿ ಕೋಳಿ ಸಾಕಲು ಜಾಗ ಇದ್ದರೆ ಸಾಕಿ.

8. ಕಣ್ಣಿಡಬೇಕಾದ ಲಕ್ಷಣಗಳು

ಮೂರು ತಿಂಗಳಿಗೊಮ್ಮೆ ತೂಕ, ಎತ್ತರ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರೈಮರಿ ಮಕ್ಕಳ ವಯಸ್ಸಿನಲ್ಲಿ ವರ್ಷಕ್ಕೆ ಎರಡು ಮೂರು ಕೇಜಿ ಏರಬೇಕು. ಆರು ತಿಂಗಳು ಒಂದೇ ಕಡೆ ನಿಂತರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ, ಒಳಗೆ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ ಇರಬಹುದು. ಹಸಿ ಅಕ್ಕಿ, ಮಣ್ಣು, ಬಳಪ ತಿನ್ನುವ ಮಗುವನ್ನು ಬೈಯಬೇಡಿ. ಅದು ಕೂಡ ಕಬ್ಬಿಣ ಕಡಿಮೆಯಾದ ಗುರುತು ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ ತಪ್ಪಿಸಬೇಡಿ. ನಮ್ಮ ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ನೀವು ಎಷ್ಟು ಒಳ್ಳೆಯ ತಿಂಡಿ ಕೊಟ್ಟರೂ ರಕ್ತ ಅದು ಕುಡಿಯುತ್ತದೆ. ಚಪ್ಪಲಿ ಹಾಕಿಸಿ.

ಬಿಸಿಯೂಟವನ್ನೇ ತಿನ್ನದ ಮಕ್ಕಳೂ ಇರುತ್ತಾರೆ. ಖಾರ ಆಗಬಹುದು, ವಾಸನೆ ಹಿಡಿಸದೆ ಇರಬಹುದು, ಯಾರೋ ಏನೋ ಅಂದು ನೋಯಿಸಿರಬಹುದು. ಒಂದು ದಿನ ಊಟದ ಹೊತ್ತಿಗೆ ಶಾಲೆಗೆ ಹೋಗಿ, ಮಕ್ಕಳ ಜೊತೆ ಅದೇ ಅನ್ನ ಸಾಂಬಾರು ಉಂಡು ಬನ್ನಿ. ನಾನು ಹೋಗಿದ್ದೆ. ಸಾಂಬಾರು ಚೆನ್ನಾಗಿತ್ತು. ಮಗಳ ಸಾಲು ಕೊನೆಯದು, ಅವಳ ತಟ್ಟೆಗೆ ಅನ್ನ ಬೀಳುವಾಗ ಮೊದಲ ಸಾಲಿನವರು ಆಟಕ್ಕೆ ಓಡಿದ್ದರು. ಅವಳು ಅರ್ಧಕ್ಕೇ ಎದ್ದೇಳುತ್ತಿದ್ದದ್ದು ಅದಕ್ಕೆ. ಟೀಚರ್ ಹತ್ತಿರ ಹೇಳಿದೆ. ಮರುವಾರದಿಂದ ಸಾಲು ದಿನಾ ಬದಲಾಗತೊಡಗಿತು.